ಪದ ಪರಿಚಯ: ಮೆಂಬ್ರೇನ್ ಫೀಡಿಂಗ್

ನಾಲೆಗೆ ನೀರು ಬಿಟ್ಟು ನಾಟಿ ಮುಗಿಯಿತೆಂದರೆ ಮಂಡ್ಯ ಕಡೆ ಸಂಜೆ ಹೊತ್ತು ಜಗಲಿ ಮೇಲೆ ಕೂರೋದೇ ಕಷ್ಟ, ಅಷ್ಟು ಸೊಳ್ಳೆ. ಗದ್ದೆ ನೀರಲ್ಲಿ ಹುಟ್ಟುವ ಕೆಲವು ಕ್ಯೂಲೆಕ್ಸ್ ಸೊಳ್ಳೆಗಳು ಜಪಾನೀಸ್ ಮಿದುಳು ಜ್ವರವನ್ನೂ ಹರಡುತ್ತವೆ. ಇವನ್ನು ಕೊಲ್ಲುವ ಔಷಧ ಕೆಲಸ ಮಾಡುತ್ತದೋ ಇಲ್ಲವೋ ನೋಡಬೇಕಾದರೆ ಮೊದಲು ಇವನ್ನೇ ಸಾಕಬೇಕು. ಒಂದೇ ವಯಸ್ಸಿನ, ಒಂದೇ ರೀತಿ ಬೆಳೆದ ಸೊಳ್ಳೆಗಳು ಬೇಕಾದಾಗ ಸಿಗಬೇಕಲ್ವಾ?

ಹುಳ ಸಾಕುವುದು ನಮ್ಮ ಕಡೆಯವರಿಗೆ ಹೊಸದೇನಲ್ಲ. ರೇಷ್ಮೆ ಹುಳಕ್ಕೆ ಹೊತ್ತು ಹೊತ್ತಿಗೆ ಸೊಪ್ಪು ಹಾಕಿದರೆ ಆಯಿತು. ಗಂಡು ಸೊಳ್ಳೆಯೂ ಸುಮ್ನೆ ಸಕ್ಕರೆ ನೀರು ಹೀರಿಕೊಂಡು ಬದುಕುತ್ತದೆ. ತಕರಾರು ಹೆಣ್ಣಿನದು. ಬಹುತೇಕ ಜಾತಿಗಳಲ್ಲಿ ರಕ್ತ ಸಿಗದೆ ಅದು ಮೊಟ್ಟೆ ಇಡುವುದಿಲ್ಲ. ಅದಕ್ಕೇ ಮೊಲ, ಗಿನಿಯಿಲಿಗಳನ್ನು ಅಲುಗಾಡದಂತೆ ಮಾಡಿ ಸೊಳ್ಳೆಗಳ ಪಂಜರದಲ್ಲಿ ಇಡುತ್ತಿದ್ದರು. ಸಂಶೋಧಕರು ತಮ್ಮ ತೋಳನ್ನೇ ಒಳಗಿಟ್ಟದ್ದೂ ಉಂಟು. ಪ್ರಾಣಿಯ ಬದಲು, ತೆಳು ಪೊರೆಯ ಹಿಂದೆ ಬೆಚ್ಚಗಿನ ರಕ್ತ ಇಟ್ಟು ಕುಡಿಸುವುದೇ ಮೆಂಬ್ರೇನ್ ಫೀಡಿಂಗ್.

1964ರಲ್ಲಿ ರಟ್ಲೆಡ್ಜ್ ಎಂಬ ಸಂಶೋಧಕ ಮತ್ತು ಸಂಗಡಿಗರು ಹೇಳಿದ ಗಾಜಿನ ಫೀಡರ್ ಮಾದರಿ ಈಗಲೂ ಚಾಲ್ತಿಯಲ್ಲಿದೆ. ಎರಡು ಗೋಡೆಯ ಪುಟ್ಟ ಗಾಜಿನ ಗಂಟೆ ಅನ್ನಿ. ಗೋಡೆಗಳ ನಡುವೆ 37 ಡಿಗ್ರಿ ಆಸುಪಾಸಿನ ಬಿಸಿನೀರು ಹರಿಯುತ್ತಿರುತ್ತದೆ. ಬಾಯಿಗೆ ಪ್ಯಾರಾಫಿಲ್ಮ್ ಎಂಬ ಮೇಣದಂಥ ಹಿಗ್ಗುವ ಹಾಳೆಯನ್ನು ಎಳೆದೆಳೆದು ತೆಳ್ಳಗೆ ಮಾಡಿ ಬಿಗಿಯುತ್ತಾರೆ. ಒಳಗೆ ಒಂದೆರಡು ಮಿಲಿಲೀಟರ್ ರಕ್ತ, ಕಸಾಯಿಖಾನೆಯದ್ದಾದರೂ ನಡೆಯುತ್ತದೆ. ಹೆಪ್ಪುಗಟ್ಟದಂತೆ ಸಿಟ್ರೇಟ್ ಅಥವಾ ಹೆಪಾರಿನ್ ಬೆರೆಸಿರಬೇಕು. ಇದನ್ನು ಪಂಜರದ ಬಲೆ ಬಟ್ಟೆಯ ಮೇಲೆ ಕೂರಿಸಿದರೆ, ಕೆಲವು ಗಂಟೆ ಸಕ್ಕರೆ ನೀರಿಲ್ಲದೆ ಹಸಿದಿರುವ ಹೆಣ್ಣುಗಳು ಕೆಳಗಿನಿಂದ ಬಂದು ಅಂಟಿಕೊಂಡು ಚುಚ್ಚುತ್ತವೆ. ನಾವು ನೋಡುತ್ತಿರುವಾಗಲೇ ಹೊಟ್ಟೆ ಕೆಂಪಗೆ ಊದಿಕೊಳ್ಳುತ್ತದೆ.

ನನಗೆ ಮಜಾ ಅನ್ನಿಸುವುದು ಇಲ್ಲೇ. ಸೊಳ್ಳೆಗೆ ದನವೂ ಬೇಡ, ಮನುಷ್ಯನೂ ಬೇಡ. ಬೆಚ್ಚಗಿದ್ದು, ಚುಚ್ಚಲು ತೊಗಲಿನಂಥದ್ದೊಂದು ಸಿಕ್ಕರೆ ಮೋಸ ಹೋಗುತ್ತದೆ. ತಣ್ಣಗಿನ ರಕ್ತವನ್ನು ಮೂಸಿಯೂ ನೋಡದು. ರಕ್ತಕಣಗಳಲ್ಲಿರುವ ಎಟಿಪಿ (ಜೀವಕೋಶಕ್ಕೆ ಶಕ್ತಿ ಒದಗಿಸುವ ರಾಸಾಯನಿಕ) ಸಿಕ್ಕರೆ ಮುಂದೆ ಹೀರುತ್ತದೆ, ಆದ್ದರಿಂದ ಹಳೆಯ ರಕ್ತಕ್ಕೆ ಎಟಿಪಿ ಬೆರೆಸುವುದುಂಟು. ಆದರೂ ಹಟ ಮಾಡಿದರೆ ಪಂಜರಕ್ಕೆ ಉಸಿರು ಊದುತ್ತಾರೆ, ಪೊರೆಯನ್ನು ಕೈಗೆ ಉಜ್ಜಿ ಬೆವರಿನ ವಾಸನೆ ಹತ್ತಿಸುತ್ತಾರೆ! ಡೆಂಗಿ ಹರಡುವ ಈಡಿಸ್ ಈಜಿಪ್ಟೈಗೆ ಇಷ್ಟು ಓಲೈಕೆ ಬೇಕಾಗುವುದಿಲ್ಲ. ಹೊರಗಿಂದ ಹಿಡಿದು ತಂದ, ಮಲೇರಿಯಾ ಹರಡುವ ಅನಾಫಿಲಿಸ್‌ಗಳ ಗತ್ತೇ ಬೇರೆ, ಕೆಲವು ಪೊರೆಯ ಹತ್ತಿರವೂ ಸುಳಿಯುವುದಿಲ್ಲ.

ಇದರ ಲಾಭ ಪ್ರಾಣಿ ಸಾಕುವ ಖರ್ಚು ಉಳಿಯುವುದಷ್ಟೇ ಅಲ್ಲ. ಮಲೇರಿಯಾ ರೋಗಾಣು ಇರುವ ರಕ್ತಕ್ಕೆ ಔಷಧ ಬೆರೆಸಿ ಕುಡಿಸಿ, ಆಮೇಲೆ ಸೊಳ್ಳೆಯ ಹೊಟ್ಟೆ ಸೀಳಿ, ಸೋಂಕು ತಗುಲಿತೋ ಇಲ್ಲವೋ ನೋಡಬಹುದು. ಆಫ್ರಿಕಾದ ಸೆಟ್ಸಿ ನೊಣದಲ್ಲಿ ಗಂಡು ಹೆಣ್ಣು ಎರಡಕ್ಕೂ ರಕ್ತವೇ ಊಟ. ಅವನ್ನು ಸಿಲಿಕೋನ್ ಪೊರೆಯ ಮೇಲೆ ದನದ ರಕ್ತ ಕುಡಿಸಿ ರಾಶಿ ರಾಶಿ ಬೆಳೆಸುತ್ತಾರೆ.

2012ರಲ್ಲಿ ಬಂಡೀಪುರದ ಕಡೆಗೂ ಕಾಣಿಸಿಕೊಂಡ ಮಂಗನ ಕಾಯಿಲೆ ಹರಡುವ ಉಣ್ಣಿಯ ಕಥೆ ಬೇರೆ. ಅದು ಕೀಟವೂ ಅಲ್ಲ, ಎಂಟು ಕಾಲಿನ ಜೇಡನ ಬಳಗ. ಸೊಳ್ಳೆಯ ಹಾಗೆ ನಿಮಿಷಗಳಲ್ಲಿ ಕುಡಿದು ಏಳುವುದಿಲ್ಲ, ದಿನಗಟ್ಟಲೆ ಕಚ್ಚಿಕೊಂಡೇ ಇರುತ್ತದೆ. ಪೊರೆಯ ಮೇಲೆ ಅಂಥ ಉಣ್ಣಿ ಸಾಕುವವರು ರಕ್ತ ಕೆಡದಂತೆ ಆಂಟಿಬಯಾಟಿಕ್ ಬೆರೆಸಿ, ದಿನಕ್ಕೆ ಎರಡು ಸಲವಾದರೂ ಬದಲಾಯಿಸುತ್ತಾ ಕೂರಬೇಕಾಗುತ್ತದೆ.