ಟರ್ಬೊ ಎಂಜಿನ್: ಮೈಲೇಜ್ ಮತ್ತು ಬಲದ ಲೆಕ್ಕ

ಕಾರು ಕೊಳ್ಳಲು ಹೊರಟವರ ಮೊದಲ ಪ್ರಶ್ನೆ ಈಗಲೂ ‘ಎಷ್ಟು ಕೊಡುತ್ತದೆ?’ ಎಂಬುದೇ. ಷೋರೂಮಿನವರು ಲೀಟರಿಗೆ ಇಷ್ಟು ಕಿಲೋಮೀಟರ್ ಎಂದು ಒಂದು ಅಂಕಿ ಹೇಳುತ್ತಾರೆ. ಅದರ ಬೆನ್ನಿಗೇ ‘ಟರ್ಬೊ ಎಂಜಿನ್ ಸಾರ್, ನೂರು ಅಶ್ವಶಕ್ತಿ’ ಎಂದು ಇನ್ನೊಂದನ್ನೂ ಹೇಳುತ್ತಾರೆ. ಎರಡೂ ನಿಜವೇ. ಆದರೆ ಒಂದು ದಕ್ಕುವ ಹೊತ್ತಿನಲ್ಲಿ ಇನ್ನೊಂದು ದಕ್ಕುವುದಿಲ್ಲ. ಟರ್ಬೊ ಎಂದರೇನು ಎಂದು ತಿಳಿದರೆ ಇದರ ಕಾರಣವೂ ತಿಳಿಯುತ್ತದೆ.

ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಹಾಗಾಗಿ ಎಂಜಿನ್ನಿನ ಬಲವೆಲ್ಲ ಅದು ಎಷ್ಟು ಗಾಳಿಯನ್ನು ಒಳಗೆ ತೆಗೆದುಕೊಳ್ಳಬಲ್ಲದು ಎಂಬುದರ ಮೇಲೆ ನಿಂತಿದೆ. ಸಾಮಾನ್ಯ ಎಂಜಿನ್ ಪಿಸ್ಟನ್ ಕೆಳಗಿಳಿದಾಗ ತಾನಾಗಿ ನುಗ್ಗಿದಷ್ಟು ಗಾಳಿಗೆ ತೃಪ್ತಿಪಡುತ್ತದೆ. ಟರ್ಬೊ ಅದಕ್ಕೆ ಗಾಳಿಯನ್ನು ಒತ್ತಿ ತುಂಬುತ್ತದೆ, ಕುಲುಮೆಗೆ ತಿದಿ ಒತ್ತಿದ ಹಾಗೆ. ಇಲ್ಲಿ ತಿದಿ ಒತ್ತುವುದು ಎಂಜಿನ್ ಉಗುಳುವ ಹೊಗೆ. ಒಂದೇ ದಂಡದ ಎರಡು ತುದಿಗಳಲ್ಲಿ ಎರಡು ಪುಟ್ಟ ಚಕ್ರಗಳಿರುತ್ತವೆ. ಸೈಲೆನ್ಸರಿನತ್ತ ಹೊರಟ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು ಎಳೆದು ಅದುಮುತ್ತದೆ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವುದು ಇದಕ್ಕೆ ಮಾಮೂಲು. ಅದುಮಿದ ಗಾಳಿ ಕಾಯುವುದರಿಂದ ಅದನ್ನು ತಣಿಸಲು ರೇಡಿಯೇಟರಿನಂಥ ಇಂಟರ್‌ಕೂಲರ್ ಇರುತ್ತದೆ.

ಹೊಗೆಯಿಂದಲೇ ಗಾಳಿ ತುಂಬಿಸುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯುಖಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಮೊದಲು ಇದರ ಬೆಲೆ ಅರಿತದ್ದು ವಿಮಾನಗಳು. ಮೇಲೇರಿದಂತೆ ಗಾಳಿ ತೆಳುವಾಗಿ ಎಂಜಿನ್ ಸೊರಗುತ್ತಿತ್ತು. 1918ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಮಾಸ್ ಒಂದು ವಿಮಾನದ ಎಂಜಿನ್ನನ್ನು ಕೊಲರಾಡೊದ ಪೈಕ್ಸ್ ಪೀಕ್ ಶಿಖರಕ್ಕೆ, 14,000 ಅಡಿ ಎತ್ತರಕ್ಕೆ, ಸಾಗಿಸಿ ಟರ್ಬೊ ಜೋಡಿಸಿ ಪರೀಕ್ಷಿಸಿದರು. ನಮಗೂ ಇದರಲ್ಲೊಂದು ಪಾಲಿದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಮಂಗಳೂರಿನಲ್ಲಿ ಚುರುಕಾಗಿದ್ದ ಸಾಮಾನ್ಯ ಎಂಜಿನ್ ಇಲ್ಲಿ ತನ್ನ ಬಲದ ಸುಮಾರು ಹತ್ತನೇ ಒಂದು ಭಾಗವನ್ನು ಕಳೆದುಕೊಂಡಿರುತ್ತದೆ. ಟರ್ಬೊ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಮೈಲೇಜಿನ ಮಾತಿಗೆ ಬರೋಣ. ಮಾರುತಿಯ ಫ್ರಾಂಕ್ಸ್ 2023ರಲ್ಲಿ ಬಂದಾಗ ಒಂದೇ ಕಾರಿನಲ್ಲಿ ಎರಡು ಪೆಟ್ರೋಲ್ ಎಂಜಿನ್‌ಗಳಿದ್ದವು. ಒಂದು 1.2 ಲೀಟರಿನ ನಾಲ್ಕು ಸಿಲಿಂಡರಿನ ಸಾಮಾನ್ಯ ಎಂಜಿನ್: ಸುಮಾರು 90 ಅಶ್ವಶಕ್ತಿ, 113 ನ್ಯೂಟನ್ ಮೀಟರ್ ಟಾರ್ಕ್ (ಎಂಜಿನ್ ತನ್ನ ದಂಡವನ್ನು ತಿರುಚಿ ತಿರುಗಿಸುವ ಬಲ). ಇನ್ನೊಂದು 1 ಲೀಟರಿನ ಮೂರು ಸಿಲಿಂಡರಿನ ಟರ್ಬೊ: 100 ಅಶ್ವಶಕ್ತಿ, 147.6 ನ್ಯೂಟನ್ ಮೀಟರ್. ಮ್ಯಾನುಯಲ್ ಗೇರಿನಲ್ಲಿ ಕಂಪನಿ ಹೇಳಿದ ಮೈಲೇಜ್ ಮೊದಲನೆಯದಕ್ಕೆ 21.79, ಎರಡನೆಯದಕ್ಕೆ 21.5. ಕಾಲು ಕಿಲೋಮೀಟರ್ ಬಿಟ್ಟುಕೊಟ್ಟರೆ ಇಷ್ಟು ಬಲ ಸಿಗುವುದಾದರೆ ಬೇಡ ಎನ್ನುವವರು ಯಾರು?

ಇದು ಮಾಯವೇನಲ್ಲ. ಮಟ್ಟ ರಸ್ತೆಯಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಸಮನಾಗಿ ಓಡಲು ಇಂಥ ಕಾರಿಗೆ ಬೇಕಾಗುವುದು ಹದಿನೈದು ಅಶ್ವಶಕ್ತಿಯೊಳಗೆ ಮಾತ್ರ. ಇಷ್ಟು ಹಗುರ ಕೆಲಸಕ್ಕೆ ದೊಡ್ಡ ಪೆಟ್ರೋಲ್ ಎಂಜಿನ್ ಇದ್ದರೆ ಗಾಳಿಯನ್ನು ಒಳಬಿಡುವ ಅದರ ಥ್ರಾಟಲ್ ಕವಾಟ ಬಹುಪಾಲು ಮುಚ್ಚಿಯೇ ಇರುತ್ತದೆ. ಆ ಸಂದಿಯಿಂದ ಗಾಳಿ ಎಳೆಯಲು ಪಿಸ್ಟನ್‌ಗಳು ಹೆಣಗಬೇಕು, ಅದಕ್ಕೂ ಪೆಟ್ರೋಲೇ ಖರ್ಚು. ಎಂಜಿನ್ ಚಿಕ್ಕದಾದರೆ ಕವಾಟ ಹೆಚ್ಚು ತೆರೆದಿರುತ್ತದೆ, ಉಜ್ಜಾಡುವ ಭಾಗಗಳೂ ಕಡಿಮೆ. ಅಂದರೆ ಪೆಟ್ರೋಲ್ ಉಳಿಸುವುದು ಎಂಜಿನ್ನಿನ ಚಿಕ್ಕ ಗಾತ್ರ. ಟರ್ಬೊ ಆ ಹೊತ್ತಿನಲ್ಲಿ ಹೆಚ್ಚುಕಡಿಮೆ ಸುಮ್ಮನಿರುತ್ತದೆ, ಕರೆದಾಗ ಮಾತ್ರ ಏಳುತ್ತದೆ. (ಭಾರತದಲ್ಲಿ ಚಿಕ್ಕ ಎಂಜಿನ್ನಿಗೆ ತೆರಿಗೆಯ ಆಸರೆಯೂ ಇದೆ: ನಾಲ್ಕು ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ 2025ರ ಸೆಪ್ಟೆಂಬರಿನಿಂದ ಜಿಎಸ್‌ಟಿ ಶೇ 18. ಮಿತಿ ದಾಟಿದರೆ ಶೇ 40.)

ಕರೆದಾಗ ಏನಾಗುತ್ತದೆ? ಶಿರಾಡಿ ಘಾಟಿಯ ಏರಿನಲ್ಲಿ ಸರಕು ಲಾರಿಯೊಂದರ ಹಿಂದೆ ಸಿಕ್ಕಿಕೊಂಡಿದ್ದೀರಿ ಎನ್ನಿ. ಮೂರನೇ ಗೇರು, ಎಂಜಿನ್ ನಿಮಿಷಕ್ಕೆ 1500 ಸುತ್ತಿಗೆ ಇಳಿದಿದೆ. ಎದುರು ಖಾಲಿಯಾದದ್ದೇ ಆಕ್ಸಿಲರೇಟರ್ ಒತ್ತುತ್ತೀರಿ. ಒಂದು ಕ್ಷಣ ಏನೂ ಆಗುವುದಿಲ್ಲ. ಹೊಗೆ ಹೆಚ್ಚಾಗಿ ಚಕ್ರ ವೇಗ ಪಡೆಯುವವರೆಗಿನ ಈ ತಡವೇ ಟರ್ಬೊ ಲ್ಯಾಗ್. 2000 ಸುತ್ತು ದಾಟುತ್ತಲೇ ಕಾರು ಹಿಂದಿನಿಂದ ತಳ್ಳಿದಂತೆ ಮುನ್ನುಗ್ಗುತ್ತದೆ. ಫ್ರಾಂಕ್ಸಿನ ಟರ್ಬೊ ತನ್ನ ಪೂರ್ತಿ ಟಾರ್ಕನ್ನು 2000ದಿಂದ 4500 ಸುತ್ತಿನವರೆಗೂ ಕೊಡುತ್ತದೆ. 1.2 ಲೀಟರಿನದು 4400ಕ್ಕೆ ಏರಿದ ಮೇಲಷ್ಟೇ ಕೊಡುತ್ತದೆ. ಘಾಟಿಯಲ್ಲಿ ಓಡಿಸುವವರಿಗೆ ಅಶ್ವಶಕ್ತಿಗಿಂತ ಈ ಅಂಕಿ ಮುಖ್ಯ ಎಂಬುದು ನನ್ನ ಎಣಿಕೆ.

ಈ ನುಗ್ಗಾಟಕ್ಕೆ ಬೆಲೆ ತೆರಲೇಬೇಕು. ಗಾಳಿ ಹೆಚ್ಚಾದರೆ ಪೆಟ್ರೋಲೂ ಅದೇ ಪ್ರಮಾಣದಲ್ಲಿ ಹೆಚ್ಚು ಬೇಕು, ಇದು ಸರಳ. ಅದಕ್ಕಿಂತ ದೊಡ್ಡ ತೊಂದರೆ ನಾಕಿಂಗ್: ಒತ್ತಡ ಮತ್ತು ಶಾಖ ಮಿತಿಮೀರಿ ಮಿಶ್ರಣ ತಾನೇತಾನಾಗಿ ಸಿಡಿಯುವುದು. 1962ರಲ್ಲಿ ಬಂದ ಮೊದಲ ಟರ್ಬೊ ಕಾರುಗಳಲ್ಲಿ ಒಂದಾದ ಅಮೆರಿಕದ ಓಲ್ಡ್ಸ್‌ಮೊಬೀಲ್ ಜೆಟ್‌ಫೈರ್ ಇದನ್ನು ತಡೆಯಲು ನೀರು ಮತ್ತು ಮೆಥನಾಲ್ ಬೆರೆತ ದ್ರವವನ್ನು ಚಿಮ್ಮಿಸುತ್ತಿತ್ತು. ಮಾಲೀಕರು ಆ ದ್ರವ ತುಂಬಿಸಲು ಮರೆಯುತ್ತಿದ್ದರು. ಇಂದಿನ ಕಾರಿನ ಕಂಪ್ಯೂಟರ್ ಕಿಡಿಯನ್ನು ಕೊಂಚ ತಡವಾಗಿ ಹೊತ್ತಿಸುತ್ತದೆ. ಭಾರ ತುಂಬಾ ಹೆಚ್ಚಾದರೆ ಹಲವು ಎಂಜಿನ್‌ಗಳಲ್ಲಿ ಒಳಗಿನ ಕಾವು ಇಳಿಸಲೆಂದೇ ಹೆಚ್ಚುವರಿ ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಕರಗುವುದು ಇಲ್ಲಿ. ಡೀಸೆಲ್ ಎಂಜಿನ್ನಿಗೆ ಈ ಕಾಟವಿಲ್ಲ, ಅದು ಅದುಮುವುದು ಬರಿಯ ಗಾಳಿಯನ್ನು. ಇಂದಿನ ಡೀಸೆಲ್ ಕಾರುಗಳೆಲ್ಲ ಹೆಚ್ಚುಕಡಿಮೆ ಟರ್ಬೊಗಳೇ.

ಕಂಪನಿ ಹೇಳುವ ಮೈಲೇಜ್ ಪ್ರಯೋಗಾಲಯದ ಉರುಳೆಗಳ ಮೇಲೆ ಅಳೆದದ್ದು. ಸುಮಾರು 20 ನಿಮಿಷದ ಓಟ, ಗರಿಷ್ಠ ವೇಗ 90, ಎ.ಸಿ. ಬಂದ್, ನಿಧಾನದ ಏರಿಳಿತ. ಅಲ್ಲಿ ಟರ್ಬೊಗೆ ಕೆಲಸವೇ ಅಷ್ಟಾಗಿ ಇಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 80ರ ಬದಲು 100ರಲ್ಲಿ ಹೋದರೆ ಗಾಳಿಯ ತಡೆಯೇ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ಸಾಗುವವರಿಗೆ ತೊಂದರೆಯೇ ಬೇರೆ: ಪ್ರತಿ ಸಲ ಹೊರಡುವಾಗಲೂ ಲ್ಯಾಗ್ ಸಹಿಸಲಾರದೆ ಹೆಚ್ಚು ಒತ್ತುತ್ತಾರೆ, ಮರುಕ್ಷಣ ಬ್ರೇಕ್ ಹಾಕುತ್ತಾರೆ. ದಿನವೂ ಇಂಥ ಸಂಚಾರದಲ್ಲೇ ಓಡಾಡುವವರಿಗೆ ಟರ್ಬೊ ಬೇಡ ಎಂದೇ ನಾನು ಹೇಳುವುದು. ಶೇ 20 ಎಥನಾಲ್ ಬೆರೆತ ಈಗಿನ ಪೆಟ್ರೋಲಿನದೂ ಇಬ್ಬಗೆಯ ನಡೆ. ಎಥನಾಲ್ ನಾಕಿಂಗನ್ನು ತಡೆಯುತ್ತದೆ ನಿಜ, ಆದರೆ ಲೀಟರಿಗೆ ಲೀಟರ್ ಹೋಲಿಸಿದರೆ ಅದರ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ.

ಟೆಸ್ಟ್ ಡ್ರೈವಿಗೆ ಹೋದಾಗ ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಮರಳಬೇಡಿ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಎ.ಸಿ. ಹಾಕಿ, ಎರಡನೇ ಗೇರಿನಲ್ಲಿ ನಿಧಾನವಾಗಿ ಮೇಲ್ಸೇತುವೆಯೊಂದನ್ನು ಏರಿಸಿ ನೋಡಿ. ಲ್ಯಾಗ್ ಎಷ್ಟಿದೆ, ಅದು ನಿಮ್ಮ ಕಾಲಿಗೆ ಒಗ್ಗುತ್ತದೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಕೊಂಡ ಮೇಲೆ ಎಂಜಿನ್ ಆಯಿಲ್ ವಿಷಯದಲ್ಲಿ ಜಿಪುಣತನ ಬೇಡ. ಲಕ್ಷ ಸುತ್ತು ತಿರುಗುವ ಆ ದಂಡ ತೇಲುವುದು ಆಯಿಲಿನ ತೆಳು ಪದರದ ಮೇಲೆ. ಘಾಟಿ ಹತ್ತಿ ಬಂದ ಕೂಡಲೇ ಎಂಜಿನ್ ಆರಿಸದೆ ಅರ್ಧ ನಿಮಿಷ ಸುಮ್ಮನೆ ಓಡಲು ಬಿಡಿ. ಆರಿಸುವ ಮುನ್ನ ಒಮ್ಮೆ ರೇಸ್ ಮಾಡುವ ಹಳೆಯ ಚಟವನ್ನಂತೂ ಬಿಡಲೇಬೇಕು: ಆಗ ಚಕ್ರ ವೇಗವಾಗಿ ತಿರುಗುತ್ತಲೇ ಇರುತ್ತದೆ, ಆಯಿಲ್ ಪಂಪ್ ಮಾತ್ರ ನಿಂತುಬಿಡುತ್ತದೆ.