‘ತಲಿ ನಮ್ದು, ಸರ್ಕಾರಕ್ಕೇನ್ರಿ ತ್ರಾಸ್?’

ಪ್ರಶ್ನೆ: ಹೆಲ್ಮೆಟ್ ಹಾಕದೆ ಬಿದ್ದರೆ ಒಡೆಯೋದು ನನ್ನ ತಲೆ. ಬೇರೆಯವರಿಗೆ ಏನೂ ಆಗಲ್ಲ. ಮತ್ತೆ ಕಡ್ಡಾಯ ಯಾಕೆ? ಇದು ನನ್ನ ಸ್ವಾತಂತ್ರ್ಯ ಕಿತ್ತುಕೊಂಡಂತೆ ಅಲ್ವಾ?

ಎಷ್ಟನೇ ಸಲವೋ, ಲೆಕ್ಕ ಇಡೋದು ಬಿಟ್ಟಿದ್ದೇನೆ. ಕಲಬುರಗಿಯಲ್ಲಿ ಬಿಸಿಲು ಏರಿತು ಅಂದ್ರೆ ಈ ಪ್ರಶ್ನೆಯೂ ಏರುತ್ತದೆ.

ಕಾನೂನಿನ ಮಾತು ಸಣ್ಣದು, ಅದನ್ನು ಮೊದಲು ಮುಗಿಸೋಣ. ಇದೇ ವಾದ 1988ರಲ್ಲೇ ಸುಪ್ರೀಂ ಕೋರ್ಟ್ ಕಂಡಿದೆ. ಅದೂ ನಮ್ಮ ಪಕ್ಕದ ಆಂಧ್ರದ ಹೆಲ್ಮೆಟ್ ನಿಯಮದ ಮೇಲೆ. ಓಡಾಡುವ ಹಕ್ಕು, ಸಂವಿಧಾನದ 19ನೇ ವಿಧಿ, ಎಲ್ಲ ಮುಂದಿಟ್ಟರು. ಕೋರ್ಟ್ ಒಪ್ಪಲಿಲ್ಲ. ನಿಯಮ ಇರೋದು ಸವಾರನ ಒಳ್ಳೆಯದಕ್ಕೇ, ಇದರಿಂದ ಹಕ್ಕಿಗೆ ಧಕ್ಕೆ ಇಲ್ಲ ಅಂದಿತು. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪ್ರಕಾರ ಮುಂದೆ ಕೂತವರಿಗೂ ಬೇಕು, ಹಿಂದೆ ಕೂತವರಿಗೂ ಬೇಕು. ನಾಲ್ಕು ವರ್ಷ ದಾಟಿದ ಮಗುವಿಗೂ ಬೇಕು. 2019ರಲ್ಲಿ ಕೇಂದ್ರ 1000 ರೂಪಾಯಿ ದಂಡ ಇಟ್ಟಿತು, ನಮ್ಮ ರಾಜ್ಯ ಅದನ್ನು 500ಕ್ಕೆ ಇಳಿಸಿತು. ಇಷ್ಟೇ.

ಆದರೆ ನಿಜ ಹೇಳ್ತೀನಿ, ಸ್ವಾತಂತ್ರ್ಯದ ಮಾತು ಬರೀ ಮೇಲಿನ ಪದರ. ಎರಡು ಮಾತು ಜಾಸ್ತಿ ಆಡಿಸಿ ನೋಡಿ, ಸಂವಿಧಾನ ಮಾಯ. ಒಳಗಿಂದ ಬರೋದು ಇದು: “ಇಲ್ಲೇ ಸೂಪರ್ ಮಾರ್ಕೆಟ್‌ಗೆ ಹೋಗಿ ಬರ್ತೀನ್ರಿ ಸರ್. ಮೂವತ್ತರ ಮ್ಯಾಲ ಗಾಡಿ ಓಡ್ಸಂಗಿಲ್ಲ. ಅಷ್ಟಕ್ಕ ಹೆಲ್ಮೆಟ್ ಯಾಕ್ರಿ?” ಅದೇ ಮನುಷ್ಯ ಹುಮನಾಬಾದ್ ಕಡೆ ಹೊರಟರೆ ಯಾರೂ ಹೇಳದೆ ಹೆಲ್ಮೆಟ್ ಹಾಕ್ತಾನೆ. ಸ್ವಾತಂತ್ರ್ಯ ರಿಂಗ್ ರೋಡಿಗೇ ಮುಗಿದುಹೋಯ್ತಾ?

ನಾನು ಫಿಸಿಕ್ಸ್ ಮಾಸ್ತರ. ಈ ‘ಇಲ್ಲೇ’ ಅನ್ನೋದನ್ನು ಸುಮ್ನೆ ಬಿಡಲ್ಲ. ಗಾಡಿ ನಿಂತಿದೆ ಅಂದುಕೊಳ್ಳಿ. ಸ್ಪೀಡ್ ಸೊನ್ನೆ. ಸೀಟಿನ ಮೇಲೆ ಕೂತವರ ತಲೆ ನೆಲದಿಂದ ಹೆಚ್ಚುಕಮ್ಮಿ ಒಂದೂವರೆ ಮೀಟರ್ ಮೇಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದ ಯಾವ ವಸ್ತುವೂ ನೆಲ ಮುಟ್ಟುವಾಗ ಗಂಟೆಗೆ ಸುಮಾರು 20 ಕಿಲೋಮೀಟರ್ ವೇಗದಲ್ಲಿರುತ್ತದೆ. ಎಂಟನೇ ಕ್ಲಾಸ್ ಹುಡುಗನನ್ನು ಗೋಡೆಗೆ ತಲೆ ಕೊಟ್ಟು ಅಷ್ಟು ಜೋರಾಗಿ ಓಡು ಅಂದರೆ ಓಡ್ತಾನಾ? ಗಾಡಿ ಎಷ್ಟು ನಿಧಾನ ಓಡಿಸ್ತೀರಿ ಅಂತ ಭೂಮಿ ಕೇಳೋದಿಲ್ಲ. ಎಳೆಯೋದಷ್ಟೇ ಅದರ ಕೆಲಸ.

ಇನ್ನು ಹೆಲ್ಮೆಟ್ ಒಳಗಿನ ಥರ್ಮೊಕೋಲ್. ಪೆಟ್ಟು ಬಿದ್ದಾಗ ಅದು ಎರಡೂವರೆ ಸೆಂಟಿಮೀಟರ್ ಕುಗ್ಗಿ ತಲೆಯನ್ನು ನಿಲ್ಲಿಸಿತು ಅಂದುಕೊಂಡರೆ, ಒಂದೂವರೆ ಮೀಟರನ್ನು ಅದರಿಂದ ಭಾಗಿಸಿ: 60. ತಲೆಯ ಮೇಲೆ ಬೀಳೋ ಬಲ ಅದರ ತೂಕದ ಸುಮಾರು 60 ಪಟ್ಟು. ಬರಿ ತಲೆ ಸಿಮೆಂಟ್ ರೋಡಿನ ಮೇಲೆ ಎರಡೂವರೆ ಮಿಲಿಮೀಟರ್‌ನಲ್ಲೇ ನಿಂತರೆ? 600 ಪಟ್ಟು. ಒಂದು ಸೊನ್ನೆ ಜಾಸ್ತಿ, ಅಷ್ಟೇ ವ್ಯತ್ಯಾಸ. ಈ ಲೆಕ್ಕವನ್ನು ಬೋರ್ಡ್ ಮೇಲೆ ಬರೆದ ದಿನ ಹಿಂದಿನ ಬೆಂಚೂ ಗಪ್‌ಚುಪ್.

ಹೋದ ವರ್ಷ ನಾನೇ ಬಿದ್ದೆ. ನಮ್ಮ ಓಣಿಯ ತಿರುವಿನಲ್ಲಿ ಮನೆ ಕಟ್ಟೋರು ಮರಳು ಸುರಿದಿದ್ದರು. ಸೆಕೆಂಡ್ ಗೇರ್, ಹ್ಯಾಂಡಲ್‌ಗೆ ಹಾಲಿನ ಚೀಲ. ಹಾಲು ಚೆಲ್ಲಿತು, ಮೊಣಕೈ ಕಿತ್ತಿತು. ಹೆಲ್ಮೆಟ್ ಮೇಲೆ ಎಡಗಿವಿಯ ಹತ್ತಿರ ನಾಲ್ಕು ಬೆರಳು ಅಗಲ ಉಜ್ಜಿದ ಗುರುತು. ಮನೆಯಿಂದ ನೂರು ಹೆಜ್ಜೆ ದೂರ. ಆ ಹೆಲ್ಮೆಟ್ ಮತ್ತೆ ಹಾಕಲಿಲ್ಲ. ಒಮ್ಮೆ ಕುಗ್ಗಿದ ಥರ್ಮೊಕೋಲ್ ಮತ್ತೆ ಉಬ್ಬೋದಿಲ್ಲ.

ಸೆಕೆ ಆಗ್ತದ ಅಂತೀರಿ. ಆಗುತ್ತದೆ, ಸುಳ್ಳಲ್ಲ. ಒಳಗೆ ಒಂದು ಹತ್ತಿ ದಸ್ತಿ ಕಟ್ಟಿಕೊಳ್ಳಿ. ಐಎಸ್‌ಐ ಗುರುತಿನದನ್ನೇ ತಗೊಳ್ಳಿ, ಗದ್ದದ ಪಟ್ಟಿ ಬಿಗಿಯಿರಿ. ಪೆಟ್ರೋಲ್ ಟ್ಯಾಂಕ್ ಮೇಲೆ ಕೂರಿಸಿಕೊಂಡು ಹೋಗಿ ಜಗತ್ ಸರ್ಕಲ್‌ನಲ್ಲಿ ಪೊಲೀಸರು ಕಂಡಾಗ ತಲೆಗೇರಿಸಿದರೆ ಉಳಿಯೋದು 500 ರೂಪಾಯಿ ಮಾತ್ರ.

ಇನ್ನೊಂದು ವಿಷಯ, ಇದನ್ನು ಯಾರೂ ಪತ್ರದಲ್ಲಿ ಕೇಳಿಲ್ಲ. ಆದರೆ ಬೀದರಿಗೆ ಹೋದಾಗಲೆಲ್ಲ ಚಹಾದಂಗಡಿಯಲ್ಲಿ ಕಿವಿಗೆ ಬೀಳುತ್ತದೆ. ನಾನಕ್ ಝೀರಾ ಗುರುದ್ವಾರದ ಕಡೆ ಸರ್ದಾರ್‌ಜಿಗಳು ಹೆಲ್ಮೆಟ್ ಇಲ್ಲದೆ ಹೋಗೋದು ನೋಡಿ, “ಅವರಿಗೆ ಮಾಫಿ ಅದ, ನಮ್ಮ ಮುತ್ಯಾನ ರುಮಾಲಿಗೆ ಯಾಕಿಲ್ರಿ?” ಅಂತಾರೆ. ಅದೇ 129ನೇ ಕಲಮಿನಲ್ಲಿ ಪೇಟ ಸುತ್ತಿದ ಸಿಖ್ಖರಿಗೆ ವಿನಾಯಿತಿ ಬರೆದಿದ್ದಾರೆ. ಅದು ಅವರ ಧರ್ಮಕ್ಕೆ ಸೇರಿದ್ದು. ಪೇಟ ಸುತ್ತಿದರೆ ಪೆಟ್ಟು ಬೀಳಲ್ಲ ಅಂತ ಕಾನೂನು ಎಲ್ಲೂ ಹೇಳಿಲ್ಲ. ನಮ್ಮ ರುಮಾಲನ್ನು ಮುತ್ಯಾ ಮಲಗುವಾಗ ಗೂಟಕ್ಕೆ ಹಾಕ್ತಾರೆ, ಕ್ಷೌರಕ್ಕೆ ಕೂತಾಗಲೂ ತೆಗೀತಾರೆ. ಗಾಡಿ ಮೇಲೂ ತೆಗೆಯಬಹುದು.

ನಮ್ಮ ಪಕ್ಕದ ಮನೆ ಮುತ್ಯಾ ಹಾಗೇ ಮಾಡ್ತಾರೆ. ತೊಗರಿ ರೇಟ್ ನೋಡೋಕೆ ಮಗನ ಹಿಂದೆ ಕೂತು ಗಂಜ್ ಮಾರ್ಕೆಟ್‌ಗೆ ಹೋಗುವಾಗ ತಲೆಗೆ ಹೆಲ್ಮೆಟ್, ರುಮಾಲು ಡಿಕ್ಕಿಯೊಳಗೆ. ಗಂಜಿನ ಗೇಟಿನಲ್ಲಿ ಇಳಿದು, ಗಾಡಿಯ ಕನ್ನಡಿ ನೋಡಿಕೊಂಡು ಮತ್ತೆ ಸುತ್ತಿಕೊಳ್ತಾರೆ. ಸುತ್ತೋಕೆ ಎರಡು ನಿಮಿಷ ಹಿಡೀತದೆ. ಮಗ ಹಾರ್ನ್ ಹೊಡೀತಾನೆ, ಅವರು ಕೇಳಿಸಿಕೊಳ್ಳಲ್ಲ.