ರೆಡ್ ಫ್ಲ್ಯಾಗ್ ಕಾನೂನು ಅಂದರೇನು, ಅದರಿಂದ ಜೀವ ಉಳಿಯುತ್ತದೆ ಅಂತ ಹೇಳೋದು ಹೇಗೆ?

ಅಮೆರಿಕದಲ್ಲಿ ಎಲ್ಲೋ ಒಂದು ಕಡೆ ಗುಂಡಿನ ದಾಳಿ ಆಯಿತು ಅಂದುಕೊಳ್ಳಿ. ಸಂಜೆಯೊಳಗೆ ಟಿವಿಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಆ ರಾಜ್ಯದಲ್ಲಿ ರೆಡ್ ಫ್ಲ್ಯಾಗ್ ಕಾನೂನು ಇತ್ತಾ? ಇತ್ತು ಅಂದರೆ ‘ಇದ್ದು ಏನು ಬಂತು’ ಅನ್ನುವವರು ಒಂದು ಗುಂಪು. ಇರಲಿಲ್ಲ ಅಂದರೆ ‘ಇದ್ದಿದ್ದರೆ ತಪ್ಪುತ್ತಿತ್ತು’ ಅನ್ನುವವರು ಇನ್ನೊಂದು ಗುಂಪು. ಇಬ್ಬರಿಗೂ ಉತ್ತರ ಮೊದಲೇ ಗೊತ್ತಿರುತ್ತದೆ. ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು ಮಾತ್ರ ಅಷ್ಟು ಗಟ್ಟಿಯಾಗಿ ಮಾತಾಡುವುದಿಲ್ಲ.

ರೆಡ್ ಫ್ಲ್ಯಾಗ್ ಅನ್ನೋದು ಬಾಯಿಮಾತಿನ ಹೆಸರು. ಕಾನೂನಿನಲ್ಲಿ ಇದಕ್ಕೆ ಎಕ್ಸ್‌ಟ್ರೀಮ್ ರಿಸ್ಕ್ ಪ್ರೊಟೆಕ್ಷನ್ ಆರ್ಡರ್ ಅನ್ನುತ್ತಾರೆ, ಚುಟುಕಾಗಿ ಇಆರ್‌ಪಿಒ. ಒಬ್ಬ ಮನುಷ್ಯನಿಂದ ಅವನಿಗೋ ಬೇರೆಯವರಿಗೋ ಜೀವಕ್ಕೆ ಅಪಾಯ ಇದೆ ಅಂತ ನ್ಯಾಯಾಧೀಶರಿಗೆ ಅನಿಸಿದರೆ, ಅವನ ಬಂದೂಕುಗಳನ್ನು ಸ್ವಲ್ಪ ಕಾಲ ತೆಗೆದಿಡುವ, ಹೊಸದು ಕೊಳ್ಳದಂತೆ ತಡೆಯುವ ಕೋರ್ಟ್ ಆದೇಶ ಇದು. ಇದು ಸಿವಿಲ್ ಆದೇಶ. ಅವನು ಅಪರಾಧ ಮಾಡಿದ್ದಾನೆ ಅಂತ ಯಾರೂ ಹೇಳುತ್ತಿಲ್ಲ, ಜೈಲಿಗೂ ಹಾಕುವುದಿಲ್ಲ.

ನಡೆಯೋದು ಎರಡು ಹಂತದಲ್ಲಿ. ಮೊದಲು ತುರ್ತು ಆದೇಶ. ಇದರಲ್ಲಿ ಬಂದೂಕಿನ ಮಾಲೀಕ ಕೋರ್ಟಿನಲ್ಲಿ ಇರಬೇಕಾಗಿಲ್ಲ, ಅರ್ಜಿ ಹಾಕಿದವರ ಮಾತು ಕೇಳಿ ಆದೇಶ ಕೊಡಬಹುದು, ಬಹಳ ಕಡೆ ಅದು ಎರಡು ಮೂರು ವಾರ ನಡೆಯುತ್ತದೆ. ಆಮೇಲೆ ವಿಚಾರಣೆ. ಅವನೂ ಬರಬಹುದು, ವಕೀಲರನ್ನು ತರಬಹುದು. ಅಪಾಯ ನಿಜ ಅಂತ ಸಾಬೀತಾದರೆ ಆದೇಶವನ್ನು ಸಾಮಾನ್ಯವಾಗಿ ಒಂದು ವರ್ಷದವರೆಗೆ ಮುಂದುವರಿಸುತ್ತಾರೆ. ಅರ್ಜಿ ಹಾಕುವ ಅಧಿಕಾರ ಎಲ್ಲ ಕಡೆ ಪೊಲೀಸರಿಗೆ ಇದೆ, ಬಹಳ ರಾಜ್ಯಗಳಲ್ಲಿ ಮನೆಯವರಿಗೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಜೊತೆಗೆ ಕೆಲಸ ಮಾಡುವವರು, ಟೀಚರ್‌ಗಳು ಕೂಡ ಹಾಕಬಹುದು. ಫ್ಲೋರಿಡಾದಲ್ಲಿ ಪೊಲೀಸರು ಮಾತ್ರ.

ಇಷ್ಟೆಲ್ಲ ಕೋರ್ಟು ಕಚೇರಿ ಯಾಕೆ ಅಂತ ನಮಗೆ ಅನಿಸಬಹುದು. ನಮ್ಮಲ್ಲಿ ಬಂದೂಕಿಗೆ ಲೈಸೆನ್ಸ್ ಬೇಕು, 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಅಧಿಕಾರಿಗಳು ಅದನ್ನು ಅಮಾನತು ಮಾಡಬಹುದು, ಚುನಾವಣೆ ಬಂತು ಅಂದರೆ ಸ್ಟೇಷನ್ನಿಗೆ ತಂದು ಒಪ್ಪಿಸಿ ಅಂತ ಹೇಳುತ್ತಾರೆ. ಅಲ್ಲಿ ಬಂದೂಕು ಸಂವಿಧಾನ ಕೊಟ್ಟ ಹಕ್ಕು. ಗಂಭೀರ ಅಪರಾಧದಲ್ಲಿ ಶಿಕ್ಷೆ ಆಗಿರಬೇಕು, ಇಲ್ಲವೇ ಕೋರ್ಟ್ ಮೂಲಕ ಮಾನಸಿಕ ಆಸ್ಪತ್ರೆಗೆ ಸೇರಿಸಿರಬೇಕು, ಇಂಥ ಕೆಲವೇ ಕಾರಣಕ್ಕೆ ಆ ಹಕ್ಕು ಹೋಗುತ್ತದೆ. ಇನ್ನೂ ಏನೂ ಮಾಡಿಲ್ಲ, ಆದರೆ ಮನೆಯವರಿಗೆ ರಾತ್ರಿ ನಿದ್ದೆ ಬರದಂತೆ ಮಾಡಿದ್ದಾನೆ ಅನ್ನುವಂಥವನ ವಿಷಯದಲ್ಲಿ ಯಾರ ಕೈಯಲ್ಲೂ ಏನೂ ಇರಲಿಲ್ಲ. ಇಆರ್‌ಪಿಒ ಹುಟ್ಟಿದ್ದು ಆ ಜಾಗದಲ್ಲಿ.

ಮೊದಲು ತಂದದ್ದು ಕನೆಕ್ಟಿಕಟ್, 1999ರಲ್ಲಿ. ಹಿಂದಿನ ವರ್ಷ ಅಲ್ಲಿನ ಲಾಟರಿ ಕಚೇರಿಯಲ್ಲಿ ಒಬ್ಬ ನೌಕರ ನಾಲ್ಕು ಮಂದಿ ಅಧಿಕಾರಿಗಳನ್ನು ಕೊಂದಿದ್ದ. 2005ರಲ್ಲಿ ಇಂಡಿಯಾನಾ, ಅದೂ ಒಬ್ಬ ಪೊಲೀಸ್ ಅಧಿಕಾರಿಯ ಸಾವಿನ ನಂತರ. 2014ರಲ್ಲಿ ಕ್ಯಾಲಿಫೋರ್ನಿಯಾದ ಐಲಾ ವಿಸ್ಟಾದಲ್ಲಿ ಆರು ಜನ ಸತ್ತರು. ಅಲ್ಲಿ ಕೊಂದವನ ಮನೆಯವರು ವಾರಗಳ ಮೊದಲೇ ಹೆದರಿ ವಿಷಯ ಮುಟ್ಟಿಸಿದ್ದರು, ಪೊಲೀಸರು ಅವನ ಬಾಗಿಲಿಗೆ ಹೋಗಿ ಮಾತಾಡಿ ವಾಪಸ್ ಬಂದಿದ್ದರು. ಅದೇ ವರ್ಷ ಆ ರಾಜ್ಯ ಕಾನೂನು ಮಾಡಿತು. 2018ರ ಫೆಬ್ರವರಿಯಲ್ಲಿ ಫ್ಲೋರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತ ಮೇಲೆ ಒಂದರ ಹಿಂದೆ ಒಂದು ರಾಜ್ಯ ತಂದವು. ಅಲ್ಲಿಯವರೆಗೆ ಐದೇ ಇದ್ದದ್ದು ಈಗ 20 ದಾಟಿದೆ.

ಈ ಇತಿಹಾಸ ನೋಡಿದರೆ ಇದು ಸಾಮೂಹಿಕ ಹತ್ಯೆ ತಡೆಯುವ ಕಾನೂನು ಅನಿಸುತ್ತದೆ ಅಲ್ವಾ? ಬಳಕೆಯಲ್ಲಿ ಕಥೆ ಬೇರೆ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ 48,830 ಜನ ಸತ್ತರು. ಅದರಲ್ಲಿ 26,000ಕ್ಕೂ ಹೆಚ್ಚು ಆತ್ಮಹತ್ಯೆ, ಸುಮಾರು 21,000 ಕೊಲೆ. ಟಿವಿಯಲ್ಲಿ ಬರುವ ಸಾಮೂಹಿಕ ಹತ್ಯೆಗಳು ಇದರಲ್ಲಿ ತೀರಾ ಸಣ್ಣ ಪಾಲು. ಕನೆಕ್ಟಿಕಟ್‌ನಲ್ಲಿ ಬಂದೂಕು ತೆಗೆದುಕೊಂಡ ಪ್ರಕರಣಗಳನ್ನು ತೆಗೆದು ನೋಡಿದರೆ ಹತ್ತರಲ್ಲಿ ಆರರಷ್ಟು ಆತ್ಮಹತ್ಯೆಯ ಭಯದಿಂದ ಶುರುವಾದವು. ಹಾಗಾಗಿ ‘ಈ ಕಾನೂನು ಕೆಲಸ ಮಾಡುತ್ತದಾ’ ಅಂತ ಕೇಳುವ ಮೊದಲು ಯಾವ ಸಾವಿನ ಬಗ್ಗೆ ಕೇಳುತ್ತಿದ್ದೇವೆ ಅಂತ ಹೇಳಬೇಕು. ನನ್ನ ಪ್ರಕಾರ ಇಡೀ ಜಗಳದ ಅರ್ಧ ಗೊಂದಲ ಇಲ್ಲೇ ಇದೆ.

ಈಗ ಅಳತೆಯ ವಿಷಯಕ್ಕೆ ಬರೋಣ. ಊರ ಮುಂದಿನ ರಸ್ತೆಗೆ ಹಂಪ್ ಹಾಕಿದ ಮೇಲೆ ಆಗದೇ ಹೋದ ಅಪಘಾತವನ್ನು ಎಣಿಸಿ ತೋರಿಸಿ ಅಂದರೆ ಏನು ಮಾಡುತ್ತೀರಿ? ಇಲ್ಲಿಯೂ ಅದೇ ಕಷ್ಟ. ಹೊಸ ಔಷಧಿಯಾದರೆ ಚೀಟಿ ಎತ್ತಿ ಅರ್ಧ ಜನರಿಗೆ ಕೊಟ್ಟು ಅರ್ಧ ಜನರಿಗೆ ಕೊಡದೆ ನೋಡಬಹುದು. ಅಪಾಯದಲ್ಲಿರುವ ಮನುಷ್ಯನ ಬಂದೂಕನ್ನು ಚೀಟಿ ಎತ್ತಿ ಅವನ ಹತ್ತಿರವೇ ಬಿಡಲು ಯಾವ ನ್ಯಾಯಾಧೀಶರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಡ್ಯೂಕ್ ವಿಶ್ವವಿದ್ಯಾಲಯದ ಜೆಫ್ರಿ ಸ್ವಾನ್ಸನ್ ಮತ್ತು ಅವರ ಜೊತೆಗಾರರು ಇದಕ್ಕೆ ಒಂದು ಬುದ್ಧಿವಂತ ದಾರಿ ಹುಡುಕಿದರು. ಕನೆಕ್ಟಿಕಟ್‌ನಲ್ಲಿ 1999ರಿಂದ 2013ರವರೆಗೆ ಬಂದೂಕು ಕಳೆದುಕೊಂಡ 762 ಜನರ ಪಟ್ಟಿಯನ್ನು ಸಾವಿನ ದಾಖಲೆಗಳ ಜೊತೆ ಹೋಲಿಸಿದರು. 21 ಜನ ಆಮೇಲೆ ಆತ್ಮಹತ್ಯೆಯಿಂದ ಸತ್ತಿದ್ದರು. ಇದು ಸಾಮಾನ್ಯ ಜನರ ಪ್ರಮಾಣಕ್ಕಿಂತ ಸುಮಾರು 40 ಪಟ್ಟು ಜಾಸ್ತಿ. ಅಂದರೆ ಪೊಲೀಸರು ಸುಮ್ನೆ ಯಾರ ಮನೆಗೋ ನುಗ್ಗಿರಲಿಲ್ಲ, ನಿಜವಾಗಿ ಅಪಾಯದಲ್ಲಿದ್ದವರ ಹತ್ತಿರವೇ ಹೋಗಿದ್ದರು. ‘ಇಷ್ಟು ಜನ ಸತ್ತರು, ಹಾಗಾದರೆ ಕಾನೂನು ವಿಫಲ’ ಅಂತ ಇಲ್ಲೇ ನಿಲ್ಲಿಸುವವರೂ ಇದ್ದಾರೆ. ಆದರೆ ಆ 21ರಲ್ಲಿ ಬಂದೂಕಿನಿಂದ ಸತ್ತವರು 6 ಮಾತ್ರ.

ಇಲ್ಲಿಂದ ಲೆಕ್ಕ ಶುರು. ಬಂದೂಕಿನಿಂದ ಪ್ರಯತ್ನಿಸಿದವರಲ್ಲಿ ಹತ್ತರಲ್ಲಿ ಎಂಟು ಒಂಬತ್ತು ಜನ ಉಳಿಯುವುದಿಲ್ಲ. ಬೇರೆ ದಾರಿಗಳನ್ನೆಲ್ಲ ಒಟ್ಟಿಗೆ ನೋಡಿದರೆ ಬದುಕಿ ಉಳಿಯುವವರೇ ಜಾಸ್ತಿ. ಹಾಗಾಗಿ ಬೇರೆ ದಾರಿಯಲ್ಲಿ ಸತ್ತ ಒಬ್ಬೊಬ್ಬರ ಹಿಂದೆಯೂ ಪ್ರಯತ್ನಿಸಿ ಉಳಿದುಕೊಂಡ ಎಷ್ಟೋ ಜನ ಇರಲೇಬೇಕು. ಇವರಲ್ಲಿ ಒಂದು ಪಾಲು ಜನರ ಕೈಯಲ್ಲಿ ಆ ದಿನ ಬಂದೂಕು ಇದ್ದಿದ್ದರೆ ಎಷ್ಟು ಜನ ಉಳಿಯುತ್ತಿದ್ದರು? ಹೀಗೆ ಹಿಂದಕ್ಕೆ ಲೆಕ್ಕ ಹಾಕುತ್ತಾ ಹೋಗಿ, 10ರಿಂದ 20 ಮಂದಿಯಿಂದ ಬಂದೂಕು ತೆಗೆದಿಟ್ಟರೆ ಒಂದು ಜೀವ ಉಳಿಯುತ್ತದೆ ಅನ್ನುವ ಅಂದಾಜಿಗೆ ಬಂದರು. ಇಂಡಿಯಾನಾದಲ್ಲಿ ಇದೇ ತರ ಲೆಕ್ಕ ಹಾಕಿದಾಗ ಸುಮಾರು 10ಕ್ಕೆ ಒಂದು ಬಂತು. 2024ರಲ್ಲಿ ನಾಲ್ಕು ರಾಜ್ಯಗಳ 4,500ಕ್ಕೂ ಹೆಚ್ಚು ಆದೇಶಗಳನ್ನು ಒಟ್ಟಿಗೆ ನೋಡಿದಾಗ 17ರಿಂದ 23ಕ್ಕೆ ಒಂದು.

10ರಿಂದ 20 ಅಂತ ಅಷ್ಟು ಅಗಲದ ಉತ್ತರ ಯಾಕೆ? ಆ ‘ಒಂದು ಪಾಲು’ ಎಷ್ಟು ಅಂತ ಯಾರೂ ನೋಡಿಲ್ಲ, ಊಹಿಸಬೇಕು. ಊಹೆ ಬದಲಾದರೆ ಉತ್ತರವೂ ಬದಲಾಗುತ್ತದೆ. ಇದು ಈ ದಾರಿಯ ದೊಡ್ಡ ಕೊರತೆ, ಸಂಶೋಧಕರೂ ಇದನ್ನು ಮುಚ್ಚಿಡುವುದಿಲ್ಲ. ಆದರೂ ಇದರ ಬೆನ್ನ ಹಿಂದೆ ಒಂದು ಗಟ್ಟಿ ಸಂಗತಿ ಇದೆ: ಒಂದು ಸಲ ಪ್ರಯತ್ನಿಸಿ ಬದುಕಿದವರಲ್ಲಿ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಆ ಕೆಟ್ಟ ಗಳಿಗೆ ದಾಟಿಸಿದರೆ ಜೀವ ನಿಜವಾಗಿಯೂ ಉಳಿಯುತ್ತದೆ, ಸಾವು ಮುಂದಕ್ಕೆ ಹೋಗುವುದಷ್ಟೇ ಅಲ್ಲ.

ಇನ್ನೊಂದು ದಾರಿ ಇಡೀ ರಾಜ್ಯದ ಸಾವಿನ ಪ್ರಮಾಣ ನೋಡುವುದು. ಕಾನೂನು ತಂದ ರಾಜ್ಯವನ್ನು ಸುಮ್ನೆ ಪಕ್ಕದ ರಾಜ್ಯದ ಜೊತೆ ಹೋಲಿಸಿದರೆ ತಪ್ಪು ಉತ್ತರ ಬರುತ್ತದೆ. ಅದಕ್ಕೆ ಕಾನೂನು ಇಲ್ಲದ ಹಲವು ರಾಜ್ಯಗಳಿಂದ ಇಷ್ಟಿಷ್ಟು ಪಾಲು ತೆಗೆದು, ಕಾನೂನಿಗೆ ಮುಂಚಿನ ವರ್ಷಗಳಲ್ಲಿ ಥೇಟ್ ಇಂಡಿಯಾನಾದಂತೆಯೇ ನಡೆದುಕೊಂಡ ಒಂದು ಕಾಗದದ ಇಂಡಿಯಾನಾ ಕಟ್ಟುತ್ತಾರೆ. ಆಮೇಲೆ ನಿಜದ್ದು ಎಲ್ಲಿ ಹೋಯಿತು, ಕಾಗದದ್ದು ಎಲ್ಲಿ ಹೋಯಿತು ಅಂತ ನೋಡುತ್ತಾರೆ. 2018ರಲ್ಲಿ ಕಿವಿಸ್ಟೊ ಮತ್ತು ಫೇಲನ್ ಅನ್ನುವ ಸಂಶೋಧಕರು ಹೀಗೆ ಮಾಡಿದಾಗ ಇಂಡಿಯಾನಾದಲ್ಲಿ ಹತ್ತು ವರ್ಷದಲ್ಲಿ ಬಂದೂಕಿನ ಆತ್ಮಹತ್ಯೆ 7.5% ಕಡಿಮೆಯಾಗಿದ್ದು ಕಂಡಿತು. ಕನೆಕ್ಟಿಕಟ್‌ನಲ್ಲಿ ಕಾನೂನು ಬಂದ ಕೂಡಲೇ ಬರೀ 1.6%. 2007ರಲ್ಲಿ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ನಡೆದ ಗುಂಡಿನ ದಾಳಿಯ ನಂತರ ಪೊಲೀಸರು ಅದನ್ನು ನಿಜವಾಗಿ ಬಳಸಲು ಶುರು ಮಾಡಿದ ಮೇಲೆ 13.7%. ಆದರೆ ಒಂದು ಮುಳ್ಳು ಇದೆ. ಕನೆಕ್ಟಿಕಟ್‌ನಲ್ಲಿ ಬೇರೆ ದಾರಿಯ ಆತ್ಮಹತ್ಯೆ ಏರಿ ಆ ಲಾಭವನ್ನು ನುಂಗಿತ್ತು, ಇಂಡಿಯಾನಾದಲ್ಲಿ ಹಾಗಾಗಲಿಲ್ಲ. ಕಾನೂನಿನ ಪರ ಇರುವವರು ಈ ಮಾತನ್ನು ಎತ್ತುವುದೇ ಕಡಿಮೆ.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಕೌಂಟಿಯಲ್ಲಿ ಇದೇ ತರದ ಅಧ್ಯಯನ 2022ರಲ್ಲಿ ಬಂತು, ಗಮನಕ್ಕೆ ಬರುವಂಥ ವ್ಯತ್ಯಾಸ ಏನೂ ಕಾಣಲಿಲ್ಲ. ವಿರೋಧಿಗಳಿಗೆ ಇದು ಹಬ್ಬ. ಆದರೆ ಯೋಚಿಸಿ, ಮೊದಲ ಎರಡು ವರ್ಷ ಇಡೀ ಕ್ಯಾಲಿಫೋರ್ನಿಯಾದಲ್ಲಿ ಹೊರಟ ಆದೇಶಗಳು ವರ್ಷಕ್ಕೆ ನೂರರ ಆಸುಪಾಸು. 3.9 ಕೋಟಿ ಜನರಿರುವ ರಾಜ್ಯ ಅದು. ನೂರು ಆದೇಶದಿಂದ ಐದೋ ಹತ್ತೋ ಜೀವ ಉಳಿದಿದ್ದರೂ ಸಾವಿರಗಟ್ಟಲೆ ಸಾವಿನ ಅಂಕಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಪರಿಣಾಮ ಕಾಣಲಿಲ್ಲ ಅನ್ನೋದೂ ಪರಿಣಾಮ ಇಲ್ಲ ಅನ್ನೋದೂ ಒಂದೇ ಅಲ್ಲ. ಇದರ ಮೇಲೆ ಇನ್ನೂ ಸಿಕ್ಕುಗಳಿವೆ. ಫ್ಲೋರಿಡಾ ಈ ಕಾನೂನು ತಂದಾಗಲೇ ಬಂದೂಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು, ಯಾವುದರಿಂದ ಏನಾಯಿತು ಅಂತ ಹೇಳುವುದು ಹೇಗೆ? 2020ರಲ್ಲಿ ಕೊರೋನಾ ಬಂದು ಬಂದೂಕು ಮಾರಾಟ, ಕೊಲೆ ಎರಡೂ ದೇಶದ ತುಂಬ ಏರಿದವು. ಸಂಶೋಧನೆಗೆ ದುಡ್ಡೂ ಇರಲಿಲ್ಲ. ಬಂದೂಕು ನಿಯಂತ್ರಣದ ಪರ ಪ್ರಚಾರಕ್ಕೆ ಕೇಂದ್ರದ ಆರೋಗ್ಯ ಸಂಸ್ಥೆಯ ಹಣ ಬಳಸಬಾರದು ಅನ್ನುವ 1996ರ ಡಿಕಿ ತಿದ್ದುಪಡಿಯ ನಂತರ ಕೇಂದ್ರದ ಹಣ ಹೆಚ್ಚುಕಡಿಮೆ ನಿಂತೇ ಹೋಗಿತ್ತು, 2019ರ ಕೊನೆಯಲ್ಲಿ 2.5 ಕೋಟಿ ಡಾಲರ್ ಮಂಜೂರಾಯಿತು.

ಸಾಮೂಹಿಕ ಹತ್ಯೆಯ ವಿಷಯದಲ್ಲಿ ಸಾಕ್ಷಿ ಇನ್ನೂ ತೆಳು. ಕ್ಯಾಲಿಫೋರ್ನಿಯಾದ ಯುಸಿ ಡೇವಿಸ್ ವಿಶ್ವವಿದ್ಯಾಲಯದ ಗ್ಯಾರನ್ ವಿಂಟ್‌ಮ್ಯೂಟ್ ತಂಡ 2019ರಲ್ಲಿ 21 ಪ್ರಕರಣ ಪ್ರಕಟಿಸಿತು. ಸಾಮೂಹಿಕ ಹತ್ಯೆಯ ಭಯದಿಂದ ಬಂದೂಕು ತೆಗೆದಿಟ್ಟಿದ್ದರು, ಆಮೇಲೆ ಒಂದರಲ್ಲೂ ದಾಳಿ ಆಗಲಿಲ್ಲ. ಆದೇಶ ಇಲ್ಲದಿದ್ದರೆ ಆಗುತ್ತಿತ್ತಾ? ಆ ಪ್ರಬಂಧವೂ ಹೇಳಲಾಗದು ಅನ್ನುತ್ತದೆ. ಇಂಥ ದಾಳಿಗಳು ಅಪರೂಪ, ಹಾಗಾಗಿ ಅಂಕಿಸಂಖ್ಯೆಯಿಂದ ಸಾಬೀತು ಮಾಡುವುದು ಬಹಳ ಕಷ್ಟ. ಆರು ರಾಜ್ಯಗಳ 6,787 ಪ್ರಕರಣ ನೋಡಿದ ಇನ್ನೊಂದು ಅಧ್ಯಯನದಲ್ಲಿ ಹತ್ತರಲ್ಲಿ ಒಂದು ಹಲವರನ್ನು ಕೊಲ್ಲುವ ಬೆದರಿಕೆಗೆ ಸಂಬಂಧಿಸಿತ್ತು. ಬೆದರಿಕೆ ಬಂದಾಗ ಪೊಲೀಸರು ಇದನ್ನು ಬಳಸುತ್ತಿದ್ದಾರೆ ಅನ್ನುವುದಷ್ಟೇ ಅದರಿಂದ ಗೊತ್ತಾಗುವುದು.

ಇನ್ನು ಕಾನೂನು ಇದ್ದೂ ಬಳಸದ ಕಥೆಗಳು. 2022ರ ಮೇ ತಿಂಗಳಲ್ಲಿ ಬಫಲೊ ನಗರದ ಅಂಗಡಿಯಲ್ಲಿ ಹತ್ತು ಜನರನ್ನು ಕೊಂದ ಹುಡುಗ ಒಂದು ವರ್ಷದ ಹಿಂದೆ ಶಾಲೆಯಲ್ಲಿ ಬೆದರಿಕೆಯ ಮಾತಾಡಿ ಮಾನಸಿಕ ತಪಾಸಣೆಗೆ ಹೋಗಿ ಬಂದಿದ್ದ. ನ್ಯೂಯಾರ್ಕ್‌ನಲ್ಲಿ ಕಾನೂನು ಇತ್ತು, ಯಾರೂ ಅರ್ಜಿ ಹಾಕಲಿಲ್ಲ. ಆಮೇಲೆ ರಾಜ್ಯ ಪೊಲೀಸರು ಇಂಥ ಸಂದರ್ಭದಲ್ಲಿ ಅರ್ಜಿ ಹಾಕಲೇಬೇಕು ಅಂತ ಗವರ್ನರ್ ಆದೇಶ ಮಾಡಿದರು, ಅರ್ಜಿಗಳ ಸಂಖ್ಯೆ ಜಿಗಿಯಿತು. ಮೇನ್ ರಾಜ್ಯದಲ್ಲಿ ಇದ್ದದ್ದು ಯೆಲ್ಲೊ ಫ್ಲ್ಯಾಗ್ ಅನ್ನುವ ಸಪ್ಪೆ ರೂಪ. ಮೊದಲು ಪೊಲೀಸರು ವಶಕ್ಕೆ ತೆಗೆದುಕೊಂಡು ವೈದ್ಯಕೀಯ ತಪಾಸಣೆ ಮಾಡಿಸಬೇಕಿತ್ತು, ಮನೆಯವರು ನೇರವಾಗಿ ಕೋರ್ಟಿಗೆ ಹೋಗುವಂತಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಲೂಯಿಸ್ಟನ್‌ನಲ್ಲಿ 18 ಜನ ಸತ್ತರು, ಕೊಂದವನ ಬಗ್ಗೆ ಮನೆಯವರೂ ಸೇನೆಯ ಜೊತೆಗಾರರೂ ಮೊದಲೇ ಎಚ್ಚರಿಸಿದ್ದರು. ಇಂಥದ್ದನ್ನು ಕಾನೂನಿನ ಸೋಲು ಅನ್ನಬೇಕೋ ಬಳಸದವರ ಸೋಲು ಅನ್ನಬೇಕೋ? ನನಗೆ ಎರಡನೆಯದೇ ಸರಿ ಕಾಣುತ್ತದೆ.

ಆಕ್ಷೇಪಗಳನ್ನೂ ತಳ್ಳಿಹಾಕುವಂತಿಲ್ಲ. ಅಪರಾಧ ಮಾಡದವನ ಹಕ್ಕನ್ನು ಅವನ ಮಾತು ಕೇಳುವ ಮೊದಲೇ ಕಿತ್ತುಕೊಳ್ಳುವುದು ಚಿಕ್ಕ ವಿಷಯವಲ್ಲ. 2018ರ ನವೆಂಬರ್‌ನಲ್ಲಿ ಮೇರಿಲ್ಯಾಂಡ್‌ನಲ್ಲಿ ಬೆಳಗಿನ ಜಾವ ಆದೇಶ ಜಾರಿ ಮಾಡಲು ಹೋದ ಪೊಲೀಸರ ಗುಂಡಿಗೆ ಮನೆಯ ಯಜಮಾನ ಸತ್ತ. ಜೀವ ಉಳಿಸುವ ಲೆಕ್ಕ ಹಾಕುವಾಗ ಈ ಸಾವನ್ನೂ ಬರೆದುಕೊಳ್ಳಬೇಕು.

ಅಮೆರಿಕದಲ್ಲಿರುವ ನಮ್ಮವರಿಗೆ ಇದು ದೂರದ ಮಾತಲ್ಲ. ಮನೆಯಲ್ಲಿ ಬಂದೂಕು ಇದ್ದು, ಯಾರೋ ಒಬ್ಬರ ಬಗ್ಗೆ ಭಯ ಇದ್ದರೆ ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ನ್ಯೂಜೆರ್ಸಿಗಳಲ್ಲಿ ಮನೆಯವರೇ ಅರ್ಜಿ ಹಾಕಬಹುದು. ಫ್ಲೋರಿಡಾದಲ್ಲಿ ಪೊಲೀಸರ ಮೂಲಕ ಹೋಗಬೇಕು. ಟೆಕ್ಸಸ್‌ನಲ್ಲಿ ಈ ಕಾನೂನೇ ಇಲ್ಲ. ಅಲ್ಲಿಯೂ ಸೇರಿ ದೇಶದ ಯಾವ ಮೂಲೆಯಿಂದಾದರೂ ಆತ್ಮಹತ್ಯೆ ತಡೆಯುವ ಸಹಾಯವಾಣಿಯ 988 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ ಮಾತಾಡಬಹುದು.